ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಡೀಸೆಲ್ ಎಂಜಿನ್ನಿನ ಚರಿತ್ರೆಯಿಂದ ಒಂದು ಪಾಠ

ಪ್ರೌಢಶಾಲೆಯಲ್ಲಿ 33 ವರ್ಷ ವಿಜ್ಞಾನ ಬೋಧಿಸಿ ನಿವೃತ್ತನಾದವನು ನಾನು. ಪ್ರತಿ ವರ್ಷವೂ ಕಪ್ಪುಹಲಗೆಯ ಮೇಲೆ ಡೀಸೆಲ್ ಎಂಜಿನ್ನಿನ ಚಿತ್ರ ಬರೆದು, ಅದರ ನಾಲ್ಕು ಹೊಡೆತಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದೆ. 'ಕೀಲಿ ತಿರುಗಿಸಿದರೆ ಇಂಧನ ನಿಲ್ಲುತ್ತದೆ. ಇಂಧನ ನಿಂತರೆ ಎಂಜಿನ್ ನಿಲ್ಲುತ್ತದೆ' ಎಂಬುದು ಆ ಪಾಠದ ಕೊನೆಯ ವಾಕ್ಯವಾಗಿತ್ತು. ಕಳೆದ ವರ್ಷ ನನ್ನ ತಂಗಿಯ ಮಗನ ವ್ಯಾನು ಆ ವಾಕ್ಯವನ್ನು ಸುಳ್ಳು ಮಾಡಿತು.

ಅವನದು ಸೆಕೆಂಡ್ ಹ್ಯಾಂಡ್ ಡೀಸೆಲ್ ವ್ಯಾನು. ತೀರ್ಥಹಳ್ಳಿಯ ಕಡೆಯಿಂದ ಉಡುಪಿ, ಧರ್ಮಸ್ಥಳಗಳಿಗೆ ಯಾತ್ರಿಕರನ್ನು ಕರೆದೊಯ್ದು ಸಂಸಾರ ಸಾಗಿಸುವವನು ಅವನು. ವ್ಯಾನಿನ ಟರ್ಬೊಚಾರ್ಜರ್ ಮೊದಲ ಸಲ ಕೆಟ್ಟಾಗ ಪೇಟೆಯ ಗ್ಯಾರೇಜೊಂದರಲ್ಲಿ ಹೊಸದನ್ನೇ ಹಾಕಿಸಿದ. ಅದಕ್ಕಾಗಿ ಅವನ ಹೆಂಡತಿಯ ಸರ ಅಡವಿಗೆ ಹೋಯಿತು. ಮೂರು ತಿಂಗಳು ತುಂಬುವ ಮೊದಲೇ, ಒಂದು ಸಂಜೆ ಖಾಲಿ ಗಾಡಿ ಹೊಡೆದುಕೊಂಡು ಮನೆಗೆ ಹಿಂದಿರುಗುತ್ತಿದ್ದಾಗ, ಎಂಜಿನ್ ಇದ್ದಕ್ಕಿದ್ದಂತೆ ಕಿರುಚತೊಡಗಿತು. ಹಿಂದೆ ರಸ್ತೆಯೇ ಕಾಣದಷ್ಟು ನೀಲಿ ಹೊಗೆ. "ಮಾವ, ಕೀಲಿ ತೆಗೆದು ಕೈಯಲ್ಲಿ ಹಿಡ್ಕೊಂಡಿದ್ದೆ, ಎಂಜಿನ್ ಮಾತ್ರ ಕೂಗ್ತಾನೇ ಇತ್ತು" ಎಂದು ಫೋನಿನಲ್ಲಿ ಹೇಳುವಾಗಲೂ ಅವನ ದನಿ ನಡುಗುತ್ತಿತ್ತು. ಟಾಪ್ ಗೇರಿಗೆ ಹಾಕಿ, ಬ್ರೇಕನ್ನು ಬಲವಾಗಿ ತುಳಿದು ಕ್ಲಚ್ ಬಿಟ್ಟಾಗ ಅದು ಒಮ್ಮೆ ಜಗ್ಗಿ, ಉಸಿರುಕಟ್ಟಿದಂತೆ ನಿಂತಿತಂತೆ.

ಮರುದಿನ ಗ್ಯಾರೇಜಿನವರ ತೀರ್ಪು ಹೊರಬಿತ್ತು: ಎಂಜಿನ್ನೇ ಹೋಗಿದೆ, ಇಳಿಸಿ ಬೋರ್ ಮಾಡಿಸಬೇಕು, ಟರ್ಬೊ ಮತ್ತೊಂದು ಹೊಸದು ಬೇಕು, ಇಲ್ಲವಾದರೆ ಗಾಡಿ ಗುಜರಿಗೆ ಹಾಕುವುದೇ ಲೇಸು. "ಏನು ಮಾಡಲಿ ಮಾವ?" ಎಂದ. ನಾನು ಜೀವಮಾನದಲ್ಲಿ ಸ್ಪ್ಯಾನರ್ ಹಿಡಿದವನಲ್ಲ. ಎರಡು ದಿನ ಸಮಯ ಕೇಳಿ, ನನಗೆ ಬರುವ ಒಂದೇ ಕೆಲಸವಾದ ಓದಿಗೆ ಕುಳಿತೆ. ಓದಿದಷ್ಟೂ ಒಂದು ಸಂಗತಿ ಸ್ಪಷ್ಟವಾಯಿತು. ಡೀಸೆಲ್ ಎಂಜಿನ್ನಿನ ಚರಿತ್ರೆಯೆಂದರೆ ಬಹುಮಟ್ಟಿಗೆ ಅದು ಕೆಟ್ಟ ಬಗೆಗಳ ಚರಿತ್ರೆ. ಕೆಟ್ಟದ್ದನ್ನು ಸರಿಯಾಗಿ ಓದಿದವರು ಗೆದ್ದರು.

ರುಡಾಲ್ಫ್ ಡೀಸೆಲ್ 1858ರಲ್ಲಿ ಪ್ಯಾರಿಸ್ಸಿನಲ್ಲಿ, ಜರ್ಮನ್ ತಂದೆತಾಯಿಗಳ ಮಗನಾಗಿ ಹುಟ್ಟಿದರು. ಮ್ಯೂನಿಕ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ, ಶೈತ್ಯಯಂತ್ರಗಳ ಖ್ಯಾತಿಯ ಕಾರ್ಲ್ ಫಾನ್ ಲಿಂಡೆ ಅವರ ತರಗತಿಯಲ್ಲಿ, ಉಗಿಯಂತ್ರವು ಕಲ್ಲಿದ್ದಲಿನ ಶಾಖದಲ್ಲಿ ಹತ್ತನೆಯ ಒಂದು ಪಾಲನ್ನೂ ಸರಿಯಾಗಿ ಕೆಲಸವಾಗಿ ಪರಿವರ್ತಿಸದೆಂಬ ಮಾತನ್ನು ಕೇಳಿದರು. ಆ ಮಾತು ಅವರನ್ನು ಜೀವನಪರ್ಯಂತ ಬಿಡಲಿಲ್ಲ. ಗಾಳಿಯನ್ನು ಬಿಗಿಯಾಗಿ ಒತ್ತಿದರೆ ಅದು ಕಾದು ಕೆಂಡವಾಗುತ್ತದೆ; ಆ ಕಾವಿಗೆ ಇಂಧನವನ್ನು ಸಿಡಿಸಿದರೆ ಕಿಡಿಯ ಹಂಗಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. ಈ ತತ್ತ್ವಕ್ಕೆ 1892ರಲ್ಲಿ ಪೇಟೆಂಟ್ ಕೋರಿ ಮರುವರ್ಷ ಅದನ್ನು ಪಡೆದರು.

1893ರ ಆಗಸ್ಟ್ 10ರಂದು ಔಗ್ಸ್‌ಬರ್ಗ್‌ನ ಕಾರ್ಖಾನೆಯಲ್ಲಿ ಮೊದಲ ಪರೀಕ್ಷೆ ನಡೆಯಿತು. ಇಂಧನ ಒಳಹೊಕ್ಕ ಕ್ಷಣದಲ್ಲಿ ಭಾರೀ ಸ್ಫೋಟವಾಗಿ ಒತ್ತಡ ಅಳೆಯುವ ಉಪಕರಣ ಸಿಡಿದು ಚೂರಾಯಿತು. ಯಂತ್ರ ಓಡಲಿಲ್ಲ. ಬೇರೆಯವರಾಗಿದ್ದರೆ ತತ್ತ್ವವೇ ತಪ್ಪೆಂದು ಕೈಬಿಡುತ್ತಿದ್ದರೋ ಏನೋ. ಡೀಸೆಲ್ ಆ ಸ್ಫೋಟದಲ್ಲಿ ಕಂಡದ್ದು ಬೇರೆಯೇ: ಬರಿಯ ಒತ್ತಡದಿಂದಲೇ ಇಂಧನ ಹೊತ್ತಿಕೊಂಡಿದೆ, ಆದುದರಿಂದ ತತ್ತ್ವ ಸರಿ; ತಪ್ಪಿರುವುದು ಇಂಧನ ಉಣಿಸುವ ರೀತಿಯಲ್ಲಿ, ಗಾಳಿ ಸೋರದಂತೆ ಹಿಡಿದಿಡುವ ಬಿಗಿತದಲ್ಲಿ. ಅವರು ಆ ಭಾಗಗಳನ್ನೇ ತಿದ್ದುತ್ತ ಹೋದರು. 1894ರ ಫೆಬ್ರುವರಿಯಲ್ಲಿ ಯಂತ್ರ ಸ್ವಂತ ಬಲದಿಂದ ಸುಮಾರು ಒಂದು ನಿಮಿಷ ಓಡಿತು. 1897ರ ಫೆಬ್ರುವರಿ 17ರಂದು ಮ್ಯೂನಿಕ್‌ನ ಪ್ರಾಧ್ಯಾಪಕ ಮೊರಿಟ್ಸ್ ಶ್ರೋಟರ್ ಅಳೆದು ನೋಡಿದಾಗ ಅದರ ದಕ್ಷತೆ ಶೇಕಡ 26.2.

ಕಥೆ ಅಲ್ಲಿಗೆ ಸುಖಾಂತವಾಗಲಿಲ್ಲ. 1898ರಲ್ಲಿ ಕೆಂಪ್ಟನ್ ಪಟ್ಟಣದ ಬೆಂಕಿಕಡ್ಡಿ ಕಾರ್ಖಾನೆಗೆ 60 ಅಶ್ವಶಕ್ತಿಯ ಎಂಜಿನ್ ಹೋಯಿತು. ಎಂಜಿನಿಯರುಗಳ ಕಣ್ಣೆದುರು ಓಡಿದ ಯಂತ್ರ ಗಿರಾಕಿಯ ಮನೆಯಲ್ಲಿ ಪದೇ ಪದೇ ನಿಲ್ಲತೊಡಗಿತು. ಆ ಕಾಲದಲ್ಲಿ ಮಾರಾಟವಾದ ಹಲವು ಎಂಜಿನ್ನುಗಳು ಹಿಂದಕ್ಕೆ ಬಂದವು. ಡೀಸೆಲ್ ಎಂಜಿನ್ನಿಗೆಂದೇ ಔಗ್ಸ್‌ಬರ್ಗ್‌ನಲ್ಲಿ ಸ್ಥಾಪಿಸಿದ್ದ ಕಂಪನಿ ಬಹುಬೇಗ ಕೆಲಸ ನಿಲ್ಲಿಸಿತು. ತಾಳ್ಮೆಯಿಂದ ಒಂದೊಂದೇ ಭಾಗವನ್ನು ತಿದ್ದಿದ ಕಾರ್ಖಾನೆಯ ಎಂಜಿನಿಯರುಗಳು ಆ ಎಂಜಿನ್ನನ್ನು ಉಳಿಸಿದರು. ಡೀಸೆಲ್ ಮಾತ್ರ 1913ರ ಸೆಪ್ಟೆಂಬರ್ 29ರ ರಾತ್ರಿ, ಇಂಗ್ಲೆಂಡಿಗೆ ಹೊರಟಿದ್ದ 'ಡ್ರೆಸ್ಡನ್' ಹಡಗಿನಿಂದ ಕಣ್ಮರೆಯಾದರು.

ಇನ್ನು ಟರ್ಬೊದ ವಿಚಾರ. ಸ್ವಿಟ್ಜರ್ಲೆಂಡಿನ ವಿಂಟರ್‌ಟೂರ್‌ನಲ್ಲಿ 1879ರಲ್ಲಿ ಹುಟ್ಟಿದ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರರನ್ನು ಕಾಡಿದ್ದೂ ಶಾಖದ ಪೋಲೇ. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯ ರಭಸದಿಂದ ಒಂದು ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬಿಸುವ ಉಪಾಯಕ್ಕೆ ಅವರು 1905ರಲ್ಲಿ ಪೇಟೆಂಟ್ ಪಡೆದರು. ಗಾಳಿ ಹೆಚ್ಚಿದರೆ ಹೆಚ್ಚು ಇಂಧನ ಉರಿಸಬಹುದು. ಅದೇ ಗಾತ್ರದ ಎಂಜಿನ್ನಿನಿಂದ ಹೆಚ್ಚು ಬಲ ಪಡೆಯಬಹುದು. ಕಾಗದದ ಮೇಲೆ ಇಷ್ಟು ಸರಳವಾದದ್ದು ಕಬ್ಬಿಣದಲ್ಲಿ ಕೈಗೂಡಲು ಇಪ್ಪತ್ತು ವರ್ಷ ಹಿಡಿಯಿತು. ಆ ಕಾವನ್ನೂ ವೇಗವನ್ನೂ ತಾಳುವ ಲೋಹ ದೊರೆಯದಿದ್ದುದು ಒಂದು ಕಾರಣ. ಮತ್ತೊಂದು ಕಾರಣ ಟರ್ಬೊದಲ್ಲಿರಲೇ ಇಲ್ಲ, ಕೊಳವೆಗಳಲ್ಲಿತ್ತು. ಎಲ್ಲ ಸಿಲಿಂಡರುಗಳ ಹೊಗೆಯನ್ನೂ ಒಂದೇ ಕೊಳವೆಗೆ ಬಿಟ್ಟರೆ ಒಂದರ ಉಸಿರು ಇನ್ನೊಂದರ ಉಸಿರಿಗೆ ಅಡ್ಡವಾಗುತ್ತದೆ. 1925ರಲ್ಲಿ ಬ್ಯೂಖಿ ಹೊಗೆಯ ಕೊಳವೆಗಳನ್ನು ವಿಂಗಡಿಸುವ ಕ್ರಮಕ್ಕೆ ಪೇಟೆಂಟ್ ಪಡೆದರು. ಸರಿಸುಮಾರು ಅದೇ ಕಾಲದಲ್ಲಿ 'ಪ್ರಾಯ್ಸನ್' ಮತ್ತು 'ಹಾನ್ಸೆಸ್ಟಾಟ್ ಡಾನ್‌ಜಿಗ್' ಎಂಬ ಎರಡು ಜರ್ಮನ್ ಹಡಗುಗಳ ಎಂಜಿನ್ನುಗಳಿಗೆ ಟರ್ಬೊ ಅಳವಡಿಸಿದಾಗ, 1750 ಅಶ್ವಶಕ್ತಿಯವು 2500 ಅಶ್ವಶಕ್ತಿ ಕೊಟ್ಟವು. 1938ರಲ್ಲಿ ಸ್ವಿಸ್ ಕಂಪನಿ ಸೌರರ್ ಲಾರಿಗೂ, 1978ರಲ್ಲಿ ಮರ್ಸಿಡಿಸ್ ಬೆಂಜ್ ಡೀಸೆಲ್ ಕಾರಿಗೂ ಅದನ್ನು ತಂದವು.

ನಮ್ಮಲ್ಲಿಗೆ ಡೀಸೆಲ್ ಎಂಜಿನ್ ಮೊದಲು ಬಂತು, ಟರ್ಬೊ ಬಹಳ ತಡವಾಗಿ ಬಂತು. ಬೆಂಗಳೂರಿನ ಮೈಕೋ ಕಂಪನಿ 1951ರಲ್ಲಿ ಸ್ಥಾಪನೆಯಾಗಿ, ಅದರ ಆಡುಗೋಡಿಯ ಕಾರ್ಖಾನೆಯ ಡೀಸೆಲ್ ಪಂಪು, ನಾಜಲ್‌ಗಳು ದೇಶದ ಲಾರಿ-ಬಸ್ಸುಗಳಲ್ಲಿ ಮನೆಮಾತಾದವು. 2008ರಲ್ಲಿ ಆ ಕಂಪನಿ ಬಾಷ್ ಎಂಬ ಹೆಸರು ತಳೆಯಿತು. 1954ರಲ್ಲಿ ಟೆಲ್ಕೋ ಕಂಪನಿ ಡೈಮ್ಲರ್ ಬೆಂಜ್‌ನೊಡನೆ ಕೈಜೋಡಿಸಿ ಲಾರಿ ತಯಾರಿಸಿತು. ಪುಣೆಯ ಬಜಾಜ್ ಟೆಂಪೋ ಕಂಪನಿಯ ಮೆಟಾಡೋರ್ ನಮ್ಮ ಹಳ್ಳಿಗಳ ಮದುವೆ ದಿಬ್ಬಣವನ್ನೂ ಅಡಿಕೆ ಮೂಟೆಯನ್ನೂ ಹೊತ್ತಿತು. ಆ ಕಾಲದ ವ್ಯಾನುಗಳಿಗೆ ಟರ್ಬೊ ಇರಲಿಲ್ಲ. ನಿಧಾನವಾಗಿ ಓಡುತ್ತಿದ್ದವು, ಹೊಗೆ ಕಾರುತ್ತಿದ್ದವು. ಆದರೆ ಕೆಟ್ಟರೆ ಊರಿನ ಮಿಸ್ತ್ರಿ ಬಿಚ್ಚಿ, ನೋಡಿ, ಕಾರಣ ಹುಡುಕಿ, ಲೇತ್‌ಗೆ ಕೊಟ್ಟು ಸರಿಪಡಿಸುತ್ತಿದ್ದ. ಹೊಸ ಬಿಡಿಭಾಗ ಸುಲಭಕ್ಕೆ ಸಿಗದ ಬಡತನವೇ ಅವನಿಗೆ ಕಾರಣ ಹುಡುಕುವ ವಿದ್ಯೆ ಕಲಿಸಿತ್ತು.

2000ದಿಂದ ಹೊಗೆಯ ಮೇಲಿನ ನಿಯಮಗಳು ಹಂತಹಂತವಾಗಿ ಬಿಗಿಯಾದವು. ಭಾರತ್ ಸ್ಟೇಜ್ 4 ಮಾನದಂಡ 2017ರ ಏಪ್ರಿಲ್‌ನಿಂದಲೂ, ಭಾರತ್ ಸ್ಟೇಜ್ 6 ಮಾನದಂಡ 2020ರ ಏಪ್ರಿಲ್‌ನಿಂದಲೂ ಇಡೀ ದೇಶಕ್ಕೆ ಅನ್ವಯವಾದವು. ಇಂಧನ ಚೆನ್ನಾಗಿ ಉರಿಯಲು ಹೆಚ್ಚು ಗಾಳಿ ಬೇಕು. ಹೀಗಾಗಿ ಡೀಸೆಲ್ ವ್ಯಾನುಗಳಲ್ಲಿ ಟರ್ಬೊ ಸಾಮಾನ್ಯವಾಯಿತು. ಗಾಳಿ ಶುದ್ಧವಾಗಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಜೊತೆಗೆ ಗ್ಯಾರೇಜಿನ ಪದ್ಧತಿಯೂ ಬದಲಾಯಿತು. ಕೆಟ್ಟ ಭಾಗವನ್ನು ಕಳಚಿ ಹೊಸದನ್ನು ಕೂರಿಸುವುದೇ ದುರಸ್ತಿ ಎನಿಸಿತು. ಅದೇಕೆ ಕೆಟ್ಟಿತು ಎಂಬ ಪ್ರಶ್ನೆಗೆ ಬಿಲ್ಲಿನಲ್ಲಿ ಜಾಗವಿಲ್ಲ.

ಟರ್ಬೊ ಎಷ್ಟು ಸೂಕ್ಷ್ಮವೆಂಬುದು ತಿಳಿದರೆ ಆ ಪ್ರಶ್ನೆಯ ಬೆಲೆ ತಿಳಿಯುತ್ತದೆ. ಅಂಗೈಯಗಲದ ಚಕ್ರ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದರ ದಂಡ ಲೋಹದ ಮೇಲೆ ಕೂತಿರುವುದಿಲ್ಲ, ಎಣ್ಣೆಯ ತೆಳುಪದರದ ಮೇಲೆ ತೇಲುತ್ತಿರುತ್ತದೆ. ಎಣ್ಣೆ ಕೆಲವು ಕ್ಷಣ ತಪ್ಪಿದರೂ ಬೇರಿಂಗ್ ಸವೆದು, ದಂಡ ಅಲುಗಾಡಿ, ಎಣ್ಣೆ ತಡೆಯುವ ಸೀಲು ಹೋಗುತ್ತದೆ. ಆಗ ಎಣ್ಣೆ ಗಾಳಿಯ ದಾರಿಯಲ್ಲಿ ನುಗ್ಗಿ ಸಿಲಿಂಡರ್ ಸೇರುತ್ತದೆ. ಡೀಸೆಲ್ ಎಂಜಿನ್ನಿಗೆ ಅದೂ ಇಂಧನವೇ. ಕೀಲಿ ತೆಗೆದರೂ ನನ್ನ ಸೋದರಳಿಯನ ಎಂಜಿನ್ ನಿಲ್ಲದ್ದು ಈ ಕಾರಣಕ್ಕೆ: ಅದು ತನ್ನ ಎಣ್ಣೆಯನ್ನು ತಾನೇ ಕುಡಿದು ಓಡುತ್ತಿತ್ತು.

ಎರಡು ದಿನದ ಓದಿನ ನಂತರ ನಾನು ಅವನಿಗೆ ಹೇಳಿದ್ದು ಇಷ್ಟೇ: "ಏನನ್ನೂ ಬದಲಾಯಿಸಬೇಡ. ಮೊದಲು ಕಾರಣ ಹುಡುಕುವವರನ್ನು ಹುಡುಕು." ಮೆಟಾಡೋರ್ ಕಾಲದ ಹಿರಿಯ ಮಿಸ್ತ್ರಿಯೊಬ್ಬರು ಸಿಕ್ಕರು. ಗಾಡಿಯನ್ನು ಎಳೆಸಿಕೊಂಡು ಹೋದೆವು. ಅವರು ಮೊದಲು ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಅಳೆದರು. ಎಲ್ಲವೂ ಹೆಚ್ಚುಕಡಿಮೆ ಸಮವಾಗಿಯೇ ಇದ್ದವು. ಎಣ್ಣೆಯ ಪ್ಯಾನ್ ಇಳಿಸಿ ಬೇರಿಂಗುಗಳನ್ನು ನೋಡಿದರು, ಗಾಯವಿರಲಿಲ್ಲ. ಟರ್ಬೊ ಚಕ್ರದ ಎಸಳು ಮುರಿದು ಎಂಜಿನ್ನಿನೊಳಗೆ ಹೋಗಿರಲಿಲ್ಲ. ಕೊನೆಗೆ ಟರ್ಬೊಗೆ ಎಣ್ಣೆ ಒಯ್ಯುವ ಸಣ್ಣ ಪೈಪನ್ನು ಬಿಚ್ಚಿ ಬಾಯಿಂದ ಊದಿ, ತಲೆಯಾಡಿಸಿ, ಗರಗಸದಿಂದ ಕೊಯ್ದು ನನ್ನ ಅಂಗೈಯಲ್ಲಿಟ್ಟರು. ಒಳಗೆ ಸೂಜಿ ತೂರುವಷ್ಟೇ ದಾರಿ. ಉಳಿದದ್ದೆಲ್ಲ ಕಪ್ಪು ಇಂಗಾಲ. "ಟರ್ಬೊ ಸತ್ತಿದ್ದು ನಿಜ ಮೇಷ್ಟ್ರೇ. ಆದ್ರೆ ಕೊಂದಿದ್ದು ಇದು. ಹೊಸದು ಹಾಕೋವಾಗ ಇದನ್ನ ಯಾರೂ ಬಿಚ್ಚಿಲ್ಲ" ಎಂದರು.

ಆ ಪೈಪು ಕಟ್ಟಿಕೊಂಡದ್ದೇಕೆ? ಅವರು ಹುಡುಗನ ಕಡೆಗೆ ತಿರುಗಿ, "ಘಾಟಿ ಹತ್ತಿದ್ಮೇಲೆ ಏನ್ ಮಾಡ್ತೀಯಪ್ಪ?" ಎಂದು ಕೇಳಿದರು. ಸೋಮೇಶ್ವರದಿಂದ ಆಗುಂಬೆಯ ತಿರುವುಗಳನ್ನು ತುಂಬಿದ ಗಾಡಿಯಲ್ಲಿ ಹತ್ತಿ, ಮೇಲೆ ಚಹಾದಂಗಡಿಯ ಮುಂದೆ ನಿಲ್ಲಿಸಿದೊಡನೆ ಎಂಜಿನ್ ಆರಿಸುವುದು ಅವನ ರೂಢಿ. ಎಣ್ಣೆಯ ಹರಿವು ಆ ಕ್ಷಣವೇ ನಿಲ್ಲುತ್ತದೆ. ಕಾದ ಟರ್ಬೊದ ಸುತ್ತ ನಿಂತ ಎಣ್ಣೆ ಬೆಂದು ಇಂಗಾಲವಾಗುತ್ತದೆ. ಎಣ್ಣೆ ಬದಲಾಯಿಸುವ ಗಡುವನ್ನೂ ಅವನು ಮುಂದೂಡುತ್ತಿದ್ದ. ತಪ್ಪು ಗ್ಯಾರೇಜಿನದೂ ಹೌದು, ನಮ್ಮದೂ ಹೌದು.

ಎಂಜಿನ್ ಇಳಿಸಬೇಕಾಗಲಿಲ್ಲ, ಬೋರ್ ಮಾಡಿಸಬೇಕಾಗಲಿಲ್ಲ. ಟರ್ಬೊದ ಹೊರಕವಚ ಚೆನ್ನಾಗಿದ್ದುದರಿಂದ ಒಳಗಿನ ಕಾರ್ಟ್ರಿಡ್ಜ್ ಮಾತ್ರ ಬದಲಾಯಿಸಿದರು. ಎಣ್ಣೆಯ ಪೈಪು ಹೊಸದು ಹಾಕಿದರು. ಇಂಟರ್‌ಕೂಲರಿನಲ್ಲೂ ಗಾಳಿಯ ಪೈಪುಗಳಲ್ಲೂ ನಿಂತಿದ್ದ ಎಣ್ಣೆಯನ್ನು ತೊಳೆದು ತೆಗೆದರು. ಅದು ಉಳಿದಿದ್ದರೆ ಎಂಜಿನ್ ಮತ್ತೊಮ್ಮೆ ಹುಚ್ಚೆದ್ದು ಓಡಬಹುದಿತ್ತು. ಕಂಪ್ರೆಷನ್ ಬಿದ್ದಿದ್ದರೆ ಮಾತು ಬೇರೆಯಾಗುತ್ತಿತ್ತು. ಆಗ ಬೋರಿನ ಖರ್ಚನ್ನೂ ಗಾಡಿಯ ಬೆಲೆಯನ್ನೂ ತಕ್ಕಡಿಯಲ್ಲಿಟ್ಟು ತೂಗಲೇಬೇಕು. ಆದರೆ ಅಳೆಯುವ ಮೊದಲೇ ತೀರ್ಪು ಕೊಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಮಳೆಗಾಲ ಕಳೆದು ವ್ಯಾನು ಇಂದಿಗೂ ಓಡುತ್ತಿದೆ. ದೀಪಾವಳಿಯ ಹೊತ್ತಿಗೆ ಸರ ಮನೆಗೆ ಬಂತು. ಕೊಯ್ದ ಆ ಪೈಪಿನ ತುಂಡನ್ನು ನಾನು ಕೇಳಿ ಪಡೆದು ಮೇಜಿನ ಮೇಲಿಟ್ಟುಕೊಂಡಿದ್ದೇನೆ. ಆಗುಂಬೆಯಲ್ಲಿ ಈಗ ಅವನು ಗಾಡಿ ನಿಲ್ಲಿಸಿ ಒಂದೆರಡು ನಿಮಿಷ ಎಂಜಿನ್ ಓಡಲು ಬಿಟ್ಟು, ಆಮೇಲೆ ಕೀಲಿ ತಿರುಗಿಸುತ್ತಾನೆ. ಯಾತ್ರಿಕರು ಡೀಸೆಲ್ ದಂಡವೆಂದು ಗೊಣಗಿದರೆ, "ಎಂಜಿನ್ನೂ ಸುಧಾರಿಸ್ಕೊಳ್ಳಲಿ ಬಿಡಿ" ಎನ್ನುತ್ತಾನಂತೆ.