ದೂರಸಂಪರ್ಕದ ಸ್ವಿಚ್ಚು ಬೆಳೆದ ಬಗೆ

ದೂರವಾಣಿಯ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಗ್ರಾಹಕನ ಕೈಯಲ್ಲಿನ ಯಂತ್ರವನ್ನೂ ಊರಿಂದೂರಿಗೆ ಹಬ್ಬಿದ ತಂತಿಯನ್ನೂ ವರ್ಣಿಸಿ ತೃಪ್ತರಾಗುತ್ತಾರೆ. ಆದರೆ ಜಾಲವೊಂದು ಎಷ್ಟು ವಿಸ್ತಾರವಾಗಿ ಬೆಳೆಯಬಲ್ಲುದೆಂಬುದನ್ನು ತಂತಿಗಿಂತ ಹೆಚ್ಚಾಗಿ ನಿಶ್ಚಯಿಸುತ್ತ ಬಂದಿರುವುದು, ಆ ತಂತಿಗಳೆಲ್ಲ ಸಂಧಿಸುವ ಎಡೆಯಲ್ಲಿರುವ ಸ್ವಿಚ್ಚು.

ವೃತ್ತಿಯಿಂದ ಶವಸಂಸ್ಕಾರದ ವ್ಯವಸ್ಥಾಪಕನಾಗಿದ್ದ ಅಮೆರಿಕದ ಆಲ್ಮನ್ ಸ್ಟ್ರೌಜರನು 1891ರಲ್ಲಿ ಸ್ವಯಂಚಾಲಿತ ಸ್ವಿಚ್ಚಿಗೆ ಪೇಟೆಂಟ್ ಪಡೆದನು. ಮರುವರ್ಷವೇ ಇಂಡಿಯಾನಾದ ಲಾ ಪೋರ್ಟ್ ಪಟ್ಟಣದಲ್ಲಿ ಅದು ಬಳಕೆಗೆ ಬಂದಿತು. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಐ.ಟಿ.ಐ. ಕಾರ್ಖಾನೆಯು ಮೊದಮೊದಲು ತಯಾರಿಸಿದುದೂ ಈ ಜಾತಿಯ ಎಕ್ಸ್‌ಚೇಂಜುಗಳನ್ನೇ. ಅನಂತರ ಬಂದ ಕ್ರಾಸ್‌ಬಾರ್ ವೇಗದಲ್ಲಿ ಮೇಲಾದುದಾದರೂ, ಪ್ರತಿಯೊಂದು ಒಳದಾರಿಯೂ ಪ್ರತಿಯೊಂದು ಹೊರದಾರಿಯನ್ನು ಛೇದಿಸಬೇಕಾದ ಅದರ ಶುದ್ಧರೂಪದಲ್ಲಿ 10,000 ದಾರಿಗಳಿಗೆ 10 ಕೋಟಿ ಸಂಧಿಬಿಂದುಗಳು ಬೇಕಾಗುತ್ತವೆ.

ಈ ವರ್ಗವೃದ್ಧಿಯ ಶಾಪಕ್ಕೆ ಪರಿಹಾರವನ್ನು ಸೂಚಿಸಿದವನು ಬೆಲ್ ಪ್ರಯೋಗಾಲಯದ ಚಾರ್ಲ್ಸ್ ಕ್ಲೋಸ್. ಒಂದೇ ಮಹಾಜಾಲದ ಬದಲು ಚಿಕ್ಕ ಸ್ವಿಚ್ಚುಗಳನ್ನು ಮೂರು ಶ್ರೇಣಿಗಳಲ್ಲಿ ಜೋಡಿಸಬಹುದೆಂದೂ, ಮೊದಲ ಶ್ರೇಣಿಯ ಪ್ರತಿ ಸ್ವಿಚ್ಚಿಗೆ 100 ಒಳದಾರಿಗಳಿದ್ದರೆ ನಡುವಣ ಶ್ರೇಣಿಯಲ್ಲಿ 199 ಸ್ವಿಚ್ಚುಗಳು ಸಾಕೆಂದೂ 1953ರ ಲೇಖನದಲ್ಲಿ ಆತನು ಸಾಧಿಸಿದನು. ಯುಕ್ತಿ ಸರಳವಾದುದು: ಹೊಸ ಕರೆ ಬಂದಾಗ ಅದರ ಜೊತೆಯ ಒಳದಾರಿಗಳು 99 ನಡುಸ್ವಿಚ್ಚುಗಳನ್ನೂ, ಗಮ್ಯದ ಕಡೆಯ ಜೊತೆದಾರಿಗಳು ಬೇರೆ 99ನ್ನೂ ಆಕ್ರಮಿಸಿದ್ದರೂ, ಇನ್ನೊಂದು ತೆರವಾಗಿಯೇ ಇರುತ್ತದೆ. ಸಂಧಿಗಳ ಸಂಖ್ಯೆ 59 ಲಕ್ಷ 70 ಸಾವಿರಕ್ಕೆ ಇಳಿಯುತ್ತದೆ. ಇಷ್ಟು ಅಲ್ಪ ಗಣಿತದಿಂದ ಇಷ್ಟು ಮಹತ್ತರವಾದ ಫಲ ದೊರೆತುದು ಯಂತ್ರಶಾಸ್ತ್ರದಲ್ಲಿ ವಿರಳವೆಂದೇ ನನ್ನ ಎಣಿಕೆ.

1965ರಲ್ಲಿ ನ್ಯೂಜೆರ್ಸಿಯ ಸುಕಸನ್ನಾದಲ್ಲಿ ಕಂಪ್ಯೂಟರಿನ ಕ್ರಮವಿಧಿಯಿಂದ ನಡೆಯುವ ಎಕ್ಸ್‌ಚೇಂಜು ಆರಂಭವಾಯಿತು. ಬಳಿಕ ಡಿಜಿಟಲ್ ಯುಗ ಬಂದಿತು. 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆ ನೆಲೆಗೊಳಿಸಿದ 128 ದ್ವಾರಗಳ ಗ್ರಾಮೀಣ ಎಕ್ಸ್‌ಚೇಂಜು ಹವಾನಿಯಂತ್ರಣವನ್ನು ಬೇಡದೆ ದುಡಿಯಬಲ್ಲುದಾಗಿತ್ತು. ದೊಡ್ಡದಾಗಿ ಬೆಳೆಯುವಂತೆ ಚಿಕ್ಕದಾಗಿ ಇಳಿಯಬಲ್ಲುದೂ ಒಂದು ಸಾಮರ್ಥ್ಯವೇ ಅಲ್ಲವೆ?

ಧ್ವನಿಯ ಸ್ಥಾನವನ್ನು ಪ್ಯಾಕೆಟ್ಟುಗಳು ಆಕ್ರಮಿಸಿದ ಮೇಲೆ ಸಮಸ್ಯೆಯ ಸ್ವರೂಪವೇ ಬದಲಾಯಿತು. ಹೊರದ್ವಾರದಲ್ಲಿ ಸರದಿ ನಿಲ್ಲಿಸೋಣವೆಂದರೆ ದ್ವಾರಗಳ ಸಂಖ್ಯೆ ಏರಿದಂತೆಲ್ಲ ಸ್ಮೃತಿಯ ವೇಗವೂ ಏರಬೇಕು; ಒಳದ್ವಾರದಲ್ಲಿಯೇ ನಿಲ್ಲಿಸಿದರೆ, ಇಕ್ಕಟ್ಟಾದ ಓಣಿಯಲ್ಲಿ ಬಲಕ್ಕೆ ತಿರುಗಲೆಂದು ಕಾದು ನಿಂತ ಮುಂದಿನ ಗಾಡಿ, ನೇರ ಹೋಗಬೇಕಾದ ಹಿಂದಿನ ಗಾಡಿಗಳನ್ನೂ ತಡೆಯುವಂತೆ, ಸರದಿಯ ತಲೆಯಲ್ಲಿರುವ ಪ್ಯಾಕೆಟ್ಟು ಉಳಿದವನ್ನೆಲ್ಲ ತಡೆಯುತ್ತದೆ. ಸಂಚಾರವು ಎಲ್ಲ ದಿಕ್ಕುಗಳಿಗೂ ಸಮವಾಗಿ ಹಂಚಿದ್ದರೂ ದೊಡ್ಡ ಸ್ವಿಚ್ಚಿನ ಸಾಮರ್ಥ್ಯದಲ್ಲಿ ಶೇಕಡ 58.6ರಷ್ಟು ಮಾತ್ರವೇ ದಕ್ಕುವುದೆಂದು ಕರೋಲ್, ಹ್ಲುಚಿ, ಮಾರ್ಗನ್ ಎಂಬವರು 1987ರಲ್ಲಿ ತೋರಿಸಿದರು. ಒಂದೊಂದು ಗಮ್ಯಕ್ಕೂ ಪ್ರತ್ಯೇಕ ಸರದಿಯನ್ನಿಟ್ಟು ಯುಕ್ತವಾದ ಜೋಡಣೆಯನ್ನು ಆರಿಸಿದರೆ ನೂರಕ್ಕೆ ನೂರೂ ಸಾಧ್ಯವೆಂಬುದು 1996ರಲ್ಲಿ ನಿಕ್ ಮೆಕ್ಯೂನ್ ಮತ್ತು ಸಂಗಡಿಗರಿಂದ ಸಿದ್ಧವಾಯಿತು. ಆದರೆ ಸೆಕೆಂಡಿಗೆ 40 ಗಿಗಾಬಿಟ್ಟಿನ ದಾರಿಯಲ್ಲಿ 40 ಬೈಟುಗಳ ಪ್ಯಾಕೆಟ್ಟು ಹಾದುಹೋಗಲು 8 ನ್ಯಾನೊಸೆಕೆಂಡು ಸಾಕು. ಅಷ್ಟರೊಳಗೆ ಪೂರ್ಣ ಲೆಕ್ಕವನ್ನು ಮಾಡಿ ಮುಗಿಸುವುದು ದುಸ್ಸಾಧ್ಯವಾದುದರಿಂದ, ಮೆಕ್ಯೂನನ ಐಸ್ಲಿಪ್ ಮೊದಲಾದ ಸರಳ ವಿಧಾನಗಳು ಪರಿಪೂರ್ಣತೆಯನ್ನು ಬಿಟ್ಟು ವೇಗವನ್ನು ಹಿಡಿದವು. ತೈವಾನಿನ ಸಿ. ಎಸ್. ಚಾಂಗ್ ಅವರ ಪಂಥವು, ಪ್ಯಾಕೆಟ್ಟುಗಳನ್ನು ಮೊದಲು ಸಮವಾಗಿ ಹರಡಿ, ನಿರ್ಣಯದ ಶ್ರಮವನ್ನೇ ನಿವಾರಿಸಹೊರಟಿತು. ರಮಣೀಯವಾದ ಈ ಕಲ್ಪನೆಯ ಮೊದಲ ರೂಪದಲ್ಲಿ ಪ್ಯಾಕೆಟ್ಟುಗಳು ಕ್ರಮ ತಪ್ಪಿ ತಲಪುತ್ತಿದ್ದವು.

ಇಂದಿನ ದತ್ತಾಂಶಕೇಂದ್ರಗಳು ಮಾತ್ರ ಬಹುಮಟ್ಟಿಗೆ ಕ್ಲೋಸನ ಮಾರ್ಗವನ್ನೇ ಹಿಡಿದಿವೆ. 2015ರಲ್ಲಿ ಗೂಗಲ್ ಪ್ರಕಟಿಸಿದ ಜುಪಿಟರ್ ಜಾಲವು ಸೆಕೆಂಡಿಗೆ ಒಂದು ಪೆಟಾಬಿಟ್ಟಿಗೂ ಮಿಗಿಲಾದ ಸಾಮರ್ಥ್ಯವನ್ನು ಪಡೆದುದು, ಪೇಟೆಯಲ್ಲಿ ದೊರೆಯುವ ಚಿಪ್ಪುಗಳನ್ನು ಆ ವಿನ್ಯಾಸದಲ್ಲಿಯೇ ಜೋಡಿಸಿ.