ಹೊಳಿ ಮುಂದ ಎಲ್ಲಿಗೆ ಹೋಗ್ತದ? – ಕೃಷ್ಣೆ ಸಮುದ್ರ ಸೇರುವ ನಾಡಿನ ಚರಿತ್ರೆ

ನಮ್ಮ ಸರಕಾರಿ ಪ್ರೌಢಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಇತಿಹಾಸದ ಒಂದು ಲೇಖನ ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯರು ಹೇಳಿ ಕಳಿಸಿದರು. ಊರಿನ ಇತಿಹಾಸವನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಬರೆಯುತ್ತಾರೆ. ನಾನು ನಮ್ಮ ಹೊಳೆಯ ಇನ್ನೊಂದು ತುದಿಯ ಬಗ್ಗೆ ಬರೆಯುತ್ತೇನೆಂದು ಒಪ್ಪಿಕೊಂಡೆ. ಅದಕ್ಕೆ ಕಾರಣ ಈ ಶಾಲೆಯಲ್ಲೇ ಇದೆ.

ನಾನು 1975ರಲ್ಲಿ ಎಂಟನೆಯ ತರಗತಿಗೆ ಸೇರಿದ ಎರಡನೆಯ ತಂಡದ ವಿದ್ಯಾರ್ಥಿ. ಆಗ ಶಾಲೆ ಹಳೆಯ ಊರಿನಲ್ಲಿ, ಹೊಳೆದಂಡೆಯ ಮೇಲಿತ್ತು. ಕಿಟಕಿಯಿಂದ ಕೃಷ್ಣೆ ಕಾಣುತ್ತಿದ್ದಳು. ಸಮಾಜ ವಿಜ್ಞಾನದ ಗುರುಗಳು ಒಂದು ದಿನ, "ಹೊಳಿ ನಮ್ಮೂರು ದಾಟಿದ ಮ್ಯಾಲ ಎಲ್ಲಿಗೆ ಹೋಗ್ತದ?" ಎಂದು ಕೇಳಿದರು. ಎಲ್ಲರೂ ಒಂದೇ ದನಿಯಲ್ಲಿ "ಬಂಗಾಳ ಕೊಲ್ಲಿಗ್ರೀ" ಎಂದೆವು. "ಅದು ಒಂದು ಮಾರ್ಕಿನ ಉತ್ತರ. ಅಲ್ಲಿ ಯಾರು ಅದಾರ? ಏನು ಬೆಳೀತಾರ? ಅವರ ಮಾತು ಯಾವುದು?" ಎಂದರು. ಯಾರಿಗೂ ಗೊತ್ತಿರಲಿಲ್ಲ.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ಆ ಪ್ರಶ್ನೆ ಮತ್ತೆ ಎದುರಾಯಿತು. 1977ರ ನವೆಂಬರ್ 19ರಂದು ಆಂಧ್ರದ ಕರಾವಳಿಗೆ ಭಾರಿ ಚಂಡಮಾರುತ ಅಪ್ಪಳಿಸಿತು. ಕೃಷ್ಣೆ ಸಮುದ್ರ ಸೇರುವ ದಿವಿಸೀಮೆಯಲ್ಲಿ ಸಮುದ್ರವೇ ಎದ್ದು ಬಂದು ಊರಿಗೆ ಊರೇ ಕೊಚ್ಚಿಹೋದವು. ಸತ್ತವರು ಹತ್ತು ಸಾವಿರಕ್ಕೂ ಹೆಚ್ಚು. ಗುರುಗಳು ಪ್ರಾರ್ಥನೆಯ ವೇಳೆ ಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ಓದಿ ಹೇಳಿ, "ಆ ಮಂದಿ ನಮ್ಮ ಹೊಳಿ ನೀರನ್ನ ಕುಡದವರು" ಎಂದರು. ನಾವು ಮನೆಮನೆಗೆ ತಿರುಗಿ ಜೋಳ, ಹಳೆಯ ಬಟ್ಟೆ ಕೂಡಿಸಿದೆವು. ನಮ್ಮ ಮನೆಯಿಂದ ಅವ್ವ ಎರಡು ಸೇರು ಬಿಳಿಜೋಳ ಅಳೆದು ಕೊಟ್ಟಳು. ಚೀಲಗಳನ್ನು ತಾಲೂಕಿನ ಊರಿಗೆ ಹೋಗುವ ಚಕ್ಕಡಿಯಲ್ಲಿ ಹೇರಿದ್ದು ನೆನಪಿದೆ. ಮುಂದೆ ಅವು ಎಲ್ಲಿಗೆ ಮುಟ್ಟಿದವೋ ತಿಳಿಯಲಿಲ್ಲ.

ನಾನೂ ಮುಂದೆ ಇತಿಹಾಸದ ಶಿಕ್ಷಕನಾದೆ. ನಿವೃತ್ತಿಯಾದ ಮೇಲೆ, ಗುರುಗಳ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಮಡದಿಯೊಡನೆ ಆ ನಾಡಿಗೆ ಹೋಗಿಬಂದೆ.

ಮಣ್ಣು ಕಟ್ಟಿದ ನಾಡು

ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆ ಸಮುದ್ರ ಸೇರುವಷ್ಟರಲ್ಲಿ ಸುಮಾರು 1,400 ಕಿಲೋಮೀಟರ್ ಹರಿಯುತ್ತಾಳೆ. ನಮ್ಮ ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ, ಭೀಮೆ, ತುಂಗಭದ್ರೆಯರನ್ನು ಕೂಡಿಸಿಕೊಂಡು, ಹುಲಿಗಳಿರುವ ನಲ್ಲಮಲೆಯ ಕಣಿವೆಯನ್ನು ಸೀಳಿಕೊಂಡು, ಶ್ರೀಶೈಲ, ನಾಗಾರ್ಜುನಸಾಗರ ಹಾದು ವಿಜಯವಾಡಕ್ಕೆ ಬರುತ್ತಾಳೆ. ಅಲ್ಲಿ ಎರಡು ಗುಡ್ಡಗಳ ನಡುವೆ ಪ್ರಕಾಶಂ ಬ್ಯಾರೇಜು ಇದೆ. ಅದನ್ನು ದಾಟಿದರೆ ಗುಡ್ಡಗಳಿಲ್ಲ, ಕಲ್ಲುಗಳಿಲ್ಲ. ಕಣ್ಣು ಹಾಯುವವರೆಗೂ ಭತ್ತದ ಗದ್ದೆ, ಕಾಲುವೆ, ತೆಂಗು, ಬಾಳೆ, ತಾಳೆಮರ. ಇದೇ ಕೃಷ್ಣಾ ಮುಖಜಭೂಮಿ. ಇದರ ಉತ್ತರಕ್ಕೆ ಗೋದಾವರಿಯ ಮುಖಜಭೂಮಿ ಕೂಡಿಕೊಳ್ಳುತ್ತದೆ.

ಈ ನೆಲ ಹೊಳೆಯೇ ಕಟ್ಟಿದ್ದು. ಮಳೆಗಾಲದಲ್ಲಿ ನಮ್ಮ ಹೊಲಗಳಿಂದ ಕೊಚ್ಚಿಹೋಗುವ ಎರೆಮಣ್ಣು, ಹೊಳೆಯ ವೇಗ ತಗ್ಗಿದಲ್ಲಿ ತಳಕ್ಕೆ ಕೂಡುತ್ತದೆ. ಸಾವಿರಾರು ವರ್ಷ ಹೀಗೆ ಪದರ ಪದರವಾಗಿ ಕೂಡಿ ಸಮುದ್ರವನ್ನು ಹಿಂದಕ್ಕೆ ತಳ್ಳಿ ನೆಲವಾಗಿದೆ. ಅವನಿಗಡ್ಡದ ಹತ್ತಿರ ಒಂದು ಗದ್ದೆಯ ಬದುವಿನಲ್ಲಿ ನಾನು ಒಂದು ಹಿಡಿ ಮಣ್ಣು ಎತ್ತಿ ನೋಡಿದೆ. ಕಪ್ಪಗಿತ್ತು, ಹಸಿಯಾಗಿ ಬೆರಳಿಗೆ ಅಂಟಿತು. "ನಮ್ಮ ಮಡ್ಡಿ ಹೊಲದ ಮಣ್ಣ ಇದ್ದಂಗ ಐತಲ್ಲ" ಎಂದಳು ನನ್ನಾಕೆ.

ನೆಲ ಫಲವತ್ತಾಗಿದ್ದರೂ ಹಿಂದೆ ಅಲ್ಲಿ ಬರ ಬರುತ್ತಿತ್ತು. 1832–33ರ ಗುಂಟೂರು ಕ್ಷಾಮದಲ್ಲಿ ಲೆಕ್ಕವಿಲ್ಲದಷ್ಟು ಜನ ಸತ್ತರು. ಎದುರಿಗೇ ಹೊಳೆ ಹರಿಯುತ್ತಿದ್ದರೂ ನೀರನ್ನು ಹೊಲಕ್ಕೆ ತಿರುಗಿಸುವ ಕಟ್ಟೆ ಇರಲಿಲ್ಲ. ಆರ್ಥರ್ ಕಾಟನ್ ಎಂಬ ಇಂಗ್ಲಿಷ್ ಎಂಜಿನಿಯರ್ ಗೋದಾವರಿಗೆ ಧವಳೇಶ್ವರದಲ್ಲಿ ಕಟ್ಟೆ ಕಟ್ಟಿಸಿದನು. ವಿಜಯವಾಡದ ಬಳಿ ಕೃಷ್ಣೆಗೆ ಹಾಕಿದ ಕಟ್ಟೆ 1855ರಲ್ಲಿ ಮುಗಿಯಿತು. ಅದು 1952ರಲ್ಲಿ ಒಡೆದ ಮೇಲೆ ಕಟ್ಟಿದ್ದೇ 1957ರಲ್ಲಿ ಮುಗಿದ ಈಗಿನ ಬ್ಯಾರೇಜು. ಅಲ್ಲಿಯ ರೈತರ ಮನೆಗಳಲ್ಲಿ ಕಾಟನ್‌ನ ಹೆಸರನ್ನು ಇಂದಿಗೂ ಗೌರವದಿಂದ ಹೇಳುತ್ತಾರೆ.

ಐಹೊಳೆಯ ಕಲ್ಲಿನಲ್ಲಿ ಆ ನಾಡು

ನಮ್ಮ ಶಾಲೆಯಿಂದ ಐಹೊಳೆಗೆ ಪ್ರವಾಸ ಹೋಗದ ತಂಡವಿಲ್ಲ. ಅಲ್ಲಿ ಮೇಗುತಿ ಗುಡಿಯ ಗೋಡೆಯ ಮೇಲೆ ರವಿಕೀರ್ತಿ ಬರೆದ, ಕ್ರಿ.ಶ. 634–35ರ ಶಾಸನವನ್ನು ನಾವೆಲ್ಲ ನೋಡಿದ್ದೇವೆ. ಇಮ್ಮಡಿ ಪುಲಕೇಶಿ ಹರ್ಷನನ್ನು ಗೆದ್ದದ್ದು ಅದರಲ್ಲಿದೆ ಎಂದು ಎಲ್ಲರಿಗೂ ಗೊತ್ತು. ಅದೇ ಶಾಸನದಲ್ಲಿ ಅವನು ಪಿಷ್ಟಪುರದ ಕೋಟೆಯನ್ನು ಗೆದ್ದದ್ದೂ, ಕುನಾಲ ಎಂಬ ಸರೋವರದ ನೀರು ಯುದ್ಧದಲ್ಲಿ ಬಿದ್ದವರ ರಕ್ತದಿಂದ ಕೆಂಪಾದದ್ದೂ ಇದೆ. ಪಿಷ್ಟಪುರ ಎಂದರೆ ಈಗಿನ ಪಿಠಾಪುರಂ. ಕುನಾಲ ಎಂದರೆ ಕೃಷ್ಣಾ–ಗೋದಾವರಿಗಳ ನಡುವಿನ ಕೊಲ್ಲೇರು ಸರೋವರ. ನಾನು ಮಕ್ಕಳಿಗೆ ಈ ಶಾಸನವನ್ನು ಎಷ್ಟೋ ವರ್ಷ ಪಾಠ ಮಾಡಿದೆ. ಆ ಸರೋವರದ ದಂಡೆಯಲ್ಲಿ ನಿಂತ ಮೇಲೆಯೇ, ಅಲ್ಲಿ ಸತ್ತವರೂ ಯಾರದೋ ಮಕ್ಕಳು ಎಂದು ನನಗೆ ಹೊಳೆದದ್ದು. ಗೆದ್ದವರ ಕಡೆಯ ಶಾಸನವನ್ನು ಗೆದ್ದವರ ಊರಲ್ಲಿ ನಿಂತೇ ಓದಿದ್ದೆ.

ಪುಲಕೇಶಿ ಆ ನಾಡನ್ನು ತಮ್ಮ ಕುಬ್ಜ ವಿಷ್ಣುವರ್ಧನನಿಗೆ ಒಪ್ಪಿಸಿದನು. ಅವನ ಸಂತತಿಯವರು ವೆಂಗಿಯ ಪೂರ್ವ ಚಾಲುಕ್ಯರೆಂದು ಹೆಸರಾಗಿ ನಾನೂರಕ್ಕೂ ಹೆಚ್ಚು ವರ್ಷ ಆಳಿದರು. ವೆಂಗಿ ಈಗ ಏಲೂರಿನ ಹತ್ತಿರದ ಪೆದವೇಗಿ ಎಂಬ ಹಳ್ಳಿ. ಬಾದಾಮಿಯಿಂದ ಹೋದ ಈ ಮನೆತನದವರು ಮುಂದೆ ತೆಲುಗಿನವರೇ ಆದರು. ಅವರ ವಂಶದ ರಾಜರಾಜನರೇಂದ್ರನ ಆಸ್ಥಾನದಲ್ಲಿಯೇ ನನ್ನಯ ತೆಲುಗು ಮಹಾಭಾರತವನ್ನು ಆರಂಭಿಸಿದ್ದು. ನನ್ನಯನಿಗೆ ನೆರವಾದ ನಾರಾಯಣಭಟ್ಟ ಕನ್ನಡದಲ್ಲೂ ಕವಿಯೆಂದು ನಂದಂಪೂಡಿ ಶಾಸನ ಹೇಳುತ್ತದೆ.

ಅತ್ತಲಿಂದ ಇತ್ತ ಬಂದವರೂ ಇದ್ದಾರೆ. ನಮ್ಮ ಆದಿಕವಿ ಪಂಪನ ಹಿರಿಯರು ವೆಂಗಿನಾಡಿನ ಅಗ್ರಹಾರದವರು. ಅರಸರು ದಂಡು ಕಟ್ಟಿಕೊಂಡು ಹೋದ ದಾರಿಯಲ್ಲಿಯೇ ಕವಿಯ ಮನೆತನ ಬುತ್ತಿ ಕಟ್ಟಿಕೊಂಡು ಬಂದಿರಬೇಕು. ಆರು ಶತಮಾನಗಳ ನಂತರ, ಕಳಿಂಗದ ಮೇಲೆ ದಂಡೆತ್ತಿ ಹೋದ ಕೃಷ್ಣದೇವರಾಯ ಕೃಷ್ಣೆಯ ದಂಡೆಯ ಶ್ರೀಕಾಕುಳಂನಲ್ಲಿ ತಂಗಿದನು. ಅಲ್ಲಿಯ ಆಂಧ್ರ ವಿಷ್ಣು ಕನಸಿನಲ್ಲಿ ಬಂದು ತೆಲುಗಿನಲ್ಲಿ ಕಾವ್ಯ ಬರೆಯೆಂದು ಹೇಳಿದನೆಂದು ಅವನೇ 'ಆಮುಕ್ತಮಾಲ್ಯದ'ದಲ್ಲಿ ಹೇಳಿಕೊಂಡಿದ್ದಾನೆ. ಆ ಪುಟ್ಟ ಊರಿನ ಗುಡಿಯನ್ನೂ ನೋಡಿ ಬಂದೆವು.

ಇವರೆಲ್ಲರಿಗಿಂತ ಹಿಂದೆ ಬೌದ್ಧರು ಈ ಹೊಳೆಯನ್ನು ಹಿಡಿದು ಓಡಾಡಿದ್ದರು. ಕೆಳಗೆ ಅಮರಾವತಿ, ಭಟ್ಟಿಪ್ರೋಲು, ಘಂಟಸಾಲಗಳಲ್ಲಿ ಸ್ತೂಪಗಳು. ಮೇಲೆ ಭೀಮೆಯ ದಂಡೆಯ ಸನ್ನತಿಯಲ್ಲೂ ಸ್ತೂಪ. ಅಮರಾವತಿಯ ಶಿಲ್ಪಗಳನ್ನು ನೋಡಿದಾಗ, ಇದೇ ಕೈಯ ಕೆಲಸವನ್ನು ಸನ್ನತಿಯಲ್ಲೂ ನೋಡಿದ್ದೇನಲ್ಲ ಎನಿಸಿತು. ಮುಂದೆ ಮಚಲೀಪಟ್ಟಣ ಗೋಲ್ಕೊಂಡದ ಬಂದರಾಯಿತು. ಅಲ್ಲಿಯ ಕಲಂಕಾರಿ ಬಟ್ಟೆಗಾಗಿ ಡಚ್ಚರು, ಇಂಗ್ಲಿಷರು ಬಂದರು. ಇಂಗ್ಲಿಷರು ಅಲ್ಲಿ ಕಾಲಿಟ್ಟದ್ದು 1611ರಲ್ಲಿ. ಅದೇ ಊರಿನಲ್ಲಿ 1864ರ ಚಂಡಮಾರುತಕ್ಕೆ ಸುಮಾರು 30,000 ಜನ ಬಲಿಯಾದರು. ಆ ಕರಾವಳಿಯ ಚರಿತ್ರೆಯನ್ನು ಅರಸರ ಹೆಸರಿನಿಂದಷ್ಟೇ ಅಲ್ಲ, ಗಾಳಿಯಿಂದಲೂ ಎಣಿಸಬೇಕು.

ಹಕ್ಕಿ, ಬೆಕ್ಕು, ಆಮೆ

ಕೊಲ್ಲೇರು ದೊಡ್ಡ ಸಿಹಿನೀರಿನ ಸರೋವರ. ಬುಡಮೇರು, ತಮ್ಮಿಲೇರು ಹಳ್ಳಗಳು ಅದನ್ನು ತುಂಬುತ್ತವೆ. ಹೆಚ್ಚಾದ ನೀರು ಉಪ್ಪುಟೇರು ಎಂಬ ಕಾಲುವೆಯಂಥ ಹೊಳೆಯಲ್ಲಿ ಸಮುದ್ರಕ್ಕೆ ಹೋಗುತ್ತದೆ. ಎರಡು ಮಹಾನದಿಗಳ ನಡುವೆ ನೆರೆ ಬಂದಾಗ ನೀರನ್ನು ಹಿಡಿದಿಟ್ಟುಕೊಳ್ಳುವ ಬಟ್ಟಲು ಅದು. ಕೈಕಲೂರಿನ ಹತ್ತಿರದ ಆಟಪಾಕದಲ್ಲಿ ಹೆಜ್ಜಾರ್ಲೆಗಳನ್ನು ನೂರುಗಟ್ಟಲೆ ಕಂಡೆವು. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನ ಮರಗಳಲ್ಲಿ ಗೂಡು ಕಟ್ಟುವ ಹಕ್ಕಿಯೇ ಇದು. ಅಲ್ಲಿ ಮರಗಳು ಸಾಲದೆ ಕಬ್ಬಿಣದ ಅಟ್ಟಗಳನ್ನು ನೆಟ್ಟಿದ್ದಾರೆ. ಅವುಗಳ ಮೇಲೆಯೂ ಸಂಸಾರ ನಡೆದಿತ್ತು.

ಆದರೆ ಸರೋವರದ ಬಹುಭಾಗ ಮೀನಿನ ಹೊಂಡಗಳಾಗಿ ಹೋಗಿತ್ತು. ಅಲ್ಲಿ ಸಾಕಿದ ಕಾಟ್ಲಾ, ರೋಹು ಮೀನು ಮಂಜುಗಡ್ಡೆಯಲ್ಲಿ ಬಂಗಾಳದವರೆಗೂ ಹೋಗುತ್ತದೆ. 1999ರಲ್ಲಿ ಅದನ್ನು ಅಭಯಾರಣ್ಯವೆಂದು ಸಾರಿದರು, 2002ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು, 2006ರಲ್ಲಿ ಹೊಂಡಗಳ ಏರಿಗಳನ್ನು ಯಂತ್ರಗಳಿಂದ ಒಡೆಸಿದರು. ಹಕ್ಕಿಗೂ ನೀರು ಬೇಕು, ಮೀನು ಸಾಕುವವನಿಗೂ ಬೇಕು. ಜಾಗ ಕಳೆದುಕೊಳ್ಳುವುದೆಂದರೇನು ಎಂದು ಬಲ್ಲ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪುಲಿಗಡ್ಡದ ಬಳಿ ಕೃಷ್ಣೆ ಕವಲೊಡೆಯುತ್ತಾಳೆ. ಕವಲುಗಳ ನಡುವಿನ ದ್ವೀಪವೇ ದಿವಿಸೀಮೆ. ಅದರ ಅಂಚಿನಲ್ಲಿ ಕಾಂಡ್ಲಾ ಕಾಡು ಇದೆ. ಅಲ್ಲಿಯವರು ಅದನ್ನು ಮಡ ಅಡವಿ ಎನ್ನುತ್ತಾರೆ. ಉಪ್ಪು ಕೆಸರಿನಲ್ಲಿ ಬೆಳೆಯುವ ಈ ಗಿಡಗಳ ಉಸಿರುಬೇರುಗಳು ನೆಲದಿಂದ ಮೇಲಕ್ಕೆ ಮೊಳೆಗಳಂತೆ ಎದ್ದಿರುತ್ತವೆ. ಕೃಷ್ಣಾ ವನ್ಯಜೀವಿ ಅಭಯಾರಣ್ಯದ ಈ ಕಾಡಿನಲ್ಲಿ ಮೀನುಗಾರ ಬೆಕ್ಕು ಇದೆ. ಮನೆಬೆಕ್ಕಿಗಿಂತ ದೊಡ್ಡದು, ನೀರಿಗೆ ಧುಮುಕಿ ಮೀನು ಹಿಡಿಯುತ್ತದೆ. ನಮಗೆ ಅದು ಕಾಣಲಿಲ್ಲ, ಕೆಸರಿನಲ್ಲಿ ಹೆಜ್ಜೆ ಕಂಡಿತು. ಚಳಿಗಾಲ ಕಳೆಯುವ ಹೊತ್ತಿಗೆ ಆಲಿವ್ ರಿಡ್ಲಿ ಕಡಲಾಮೆಗಳು ಅಲ್ಲಿಯ ಮರಳಿಗೆ ಬಂದು ಮೊಟ್ಟೆಯಿಟ್ಟು ಹೋಗುತ್ತವೆ. ಕಾಂಡ್ಲಾ ಕಾಡು ದಟ್ಟವಾಗಿದ್ದಲ್ಲಿ ಸಮುದ್ರದ ಅಲೆಯ ಹೊಡೆತ ತಗ್ಗುತ್ತದೆ. ಅದನ್ನು ಕಡಿದಲ್ಲಿ ಊರುಗಳೇ ಅಲೆಗೆ ಎದುರಾಗಬೇಕಾಗುತ್ತದೆ.

ದಂಡೆಯಲ್ಲಿ ಕೇಳದೆ ಉಳಿದ ಪ್ರಶ್ನೆ

ಹಂಸಲದೀವಿಯಲ್ಲಿ ವೇಣುಗೋಪಾಲನ ಗುಡಿ ಇದೆ. ಅದರಾಚೆ ಕೃಷ್ಣೆ ಸಮುದ್ರಕ್ಕೆ ಸೇರುತ್ತಾಳೆ. ನಾವು ಹೋದದ್ದು ಬೇಸಿಗೆಯಲ್ಲಿ. ಬಾಯಿಗೆ ಹಾಕಿದರೆ ನೀರು ಉಪ್ಪು. ದಂಡೆಯಲ್ಲಿ ಬಲೆ ಹೊಲಿಯುತ್ತಿದ್ದ ಒಬ್ಬ ಮುದುಕ ನಮ್ಮನ್ನು ಯಾವ ಊರೆಂದು ಕೇಳಿದ. ನನ್ನ ಹರಕು ತೆಲುಗಿನಲ್ಲಿ ಆಲಮಟ್ಟಿಯ ಹತ್ತಿರ ಎಂದೆ. "ಓಹೋ, ನೀರು ನಿಲ್ಲಿಸುವವರು ನೀವೇನಾ?" ಎಂದು ನಕ್ಕ. ನಾನೂ ನಕ್ಕೆ, ಆದರೆ ಮನಸ್ಸಿಗೆ ಮುಟ್ಟಿತು. ನಿಂತ ನೀರಿನಡಿಯಲ್ಲಿ ನಮ್ಮ ಹಳೆಯ ಊರು ಇದೆ, ನಾನು ಕಲಿತ ಶಾಲೆ ಇದೆ ಎಂದು ಹೇಳಿದೆ. ಅವನು ಬಲೆಯನ್ನು ಬದಿಗಿಟ್ಟು ನನ್ನನ್ನು ನೋಡಿದ. ಅವನಿಗೂ ಅದು ಗೊತ್ತಿರಲಿಲ್ಲ. ಆಮೇಲೆ ಕೈಯನ್ನು ತನ್ನ ತಲೆಗಿಂತ ಮೇಲೆ ಎತ್ತಿ, ಆ ವರ್ಷ ನೀರು ಇಷ್ಟು ಬಂದಿತ್ತು ಎಂದು ತೋರಿಸಿದ. ತನ್ನ ಮನೆಯಲ್ಲಿ ಉಳಿದವನು ತಾನೊಬ್ಬನೇ ಎಂದ. ನಮ್ಮ ಜೋಳ ಮುಟ್ಟಿತ್ತೇ ಎಂದು ಕೇಳಬೇಕೆಂದು ನಲವತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಕೇಳಲು ಬಾಯಿ ಬರಲಿಲ್ಲ.

ಬಚಾವತ್ ನ್ಯಾಯಮಂಡಳಿ 1970ರ ದಶಕದಲ್ಲಿ ಕೃಷ್ಣೆಯ 2,060 ಟಿಎಂಸಿ ನೀರಿನಲ್ಲಿ ಮಹಾರಾಷ್ಟ್ರಕ್ಕೆ 560, ನಮಗೆ 700, ಆಂಧ್ರಕ್ಕೆ 800 ಎಂದು ಹಂಚಿತು. ನಮ್ಮ ಪಾಲು ನಮಗೆ ಬೇಕು. ಅದಕ್ಕಾಗಿ ಮನೆ, ಹೊಲ ಬಿಟ್ಟುಕೊಟ್ಟವರು ನಾವು. ಆದರೆ ಆ ಲೆಕ್ಕದಲ್ಲಿ ಮಣ್ಣಿನ ಪಾಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಮೂರೂ ರಾಜ್ಯಗಳಲ್ಲಿ, ಈಗ ತೆಲಂಗಾಣವನ್ನೂ ಸೇರಿಸಿ ನಾಲ್ಕು ರಾಜ್ಯಗಳಲ್ಲಿ, ಕಟ್ಟಿದ ಜಲಾಶಯಗಳು ಹೂಳನ್ನು ಹಿಡಿದಿಟ್ಟಿವೆ. ನಮ್ಮಲ್ಲಿ ಹೂಳು ತುಂಬಿ ಜಲಾಶಯಗಳು ಸಣ್ಣವಾಗುತ್ತಿವೆ. ಅಲ್ಲಿ ಹೂಳು ಬಾರದೆ ಸಮುದ್ರ ನೆಲದ ಅಂಚನ್ನು ಕೊರೆಯುತ್ತಿದೆ, ಉಪ್ಪುನೀರು ಒಳಗೆ ಬರುತ್ತಿದೆ. ಮುಳುಗಿದವರು ನಾವಷ್ಟೇ ಎಂದುಕೊಂಡಿದ್ದ ನನಗೆ, ಹೊಳೆಯ ಆ ತುದಿಯಲ್ಲೂ ಮುಳುಗುವ ನೆಲ ಇದೆಯೆಂದು ತಿಳಿದದ್ದು ಅಲ್ಲಿಗೆ ಹೋದ ಮೇಲೆ.

ಈಗಿನ ನಮ್ಮ ಶಾಲೆ ಪುನರ್ವಸತಿ ಕೇಂದ್ರದಲ್ಲಿದೆ. ಕಿಟಕಿಯಿಂದ ಹೊಳೆ ಕಾಣುವುದಿಲ್ಲ. ಆದ್ದರಿಂದ ಶಿಕ್ಷಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ವರ್ಷಕ್ಕೊಮ್ಮೆ ಎಂಟನೆಯ ತರಗತಿಯ ಮಕ್ಕಳನ್ನು ಹಿನ್ನೀರಿನ ದಂಡೆಗೆ ಕರೆದುಕೊಂಡು ಹೋಗಿ, ನಮ್ಮ ಗುರುಗಳು ಕೇಳಿದ ಪ್ರಶ್ನೆಯನ್ನೇ ಕೇಳಿ. ಒಂದು ಮಾರ್ಕಿನ ಉತ್ತರಕ್ಕೆ ಬಿಡಬೇಡಿ. ಸಾಧ್ಯವಾದರೆ ಪ್ರವಾಸವನ್ನು ಒಮ್ಮೆ ಆ ಕಡೆಗೂ ಒಯ್ಯಿರಿ. ತೆಲುಗು ಬೋರ್ಡುಗಳನ್ನು ನಮ್ಮ ಮಕ್ಕಳು ಎರಡು ದಿನದಲ್ಲಿ ಓದಲು ಕಲಿಯುತ್ತಾರೆ, ಅಕ್ಷರಗಳು ಅಷ್ಟು ಹತ್ತಿರದವು.

ಗುರುಗಳು ಈಗಿಲ್ಲ. ಹಂಸಲದೀವಿಯಿಂದ ತಂದ ಒಂದು ಹಿಡಿ ಮಣ್ಣು ನನ್ನ ಬಳಿ ಇದೆ. ಅದನ್ನು ಮಹೋತ್ಸವದ ದಿನ ಶಾಲೆಯ ಸಮಾಜ ವಿಜ್ಞಾನದ ಕೋಣೆಗೆ ಒಪ್ಪಿಸುತ್ತೇನೆ. ಅದು ಇಲ್ಲಿಯದೇ ಮಣ್ಣು ಎಂದು ಮಕ್ಕಳಿಗೆ ಹೇಳಬೇಕು.