ಕಾನ್‌ಸ್ಟಿಟ್ಯುಯೆಂಟ್ ಅಂದ್ರೆ ಮತದಾರನೋ, ಘಟಕವೋ? ಇಲ್ಲಿದೆ ಮಾಹಿತಿ

ಚುನಾವಣೆ ಸುದ್ದಿಯಲ್ಲಿ, ಕಾಲೇಜು ಪ್ರವೇಶದ ಪ್ರಕಟಣೆಯಲ್ಲಿ, ಷೇರುಪೇಟೆ ವರದಿಯಲ್ಲಿ ‘ಕಾನ್‌ಸ್ಟಿಟ್ಯುಯೆಂಟ್’ ಎಂಬ ಇಂಗ್ಲಿಷ್ ಪದ ಕಾಣಿಸುತ್ತದೆ. ಪದ ಒಂದೇ, ಅರ್ಥ ಎರಡು.

ಮೂಲ ಏನು?
ಲ್ಯಾಟಿನ್ ಭಾಷೆಯಲ್ಲಿ ಇದರ ಮೂಲ ಪದಕ್ಕೆ ಕಟ್ಟು, ಸ್ಥಾಪಿಸು, ನೇಮಿಸು ಎಂಬ ಅರ್ಥಗಳಿವೆ. ಸೇರಿ ಒಂದನ್ನು ಕಟ್ಟುವ ಭಾಗ ಘಟಕವಾಯಿತು. ತನ್ನ ಪರವಾಗಿ ಇನ್ನೊಬ್ಬರನ್ನು ನೇಮಿಸುವವನು ಮತದಾರನಾದ. 1946ರ ಡಿಸೆಂಬರ್ 9ರಂದು ಮೊದಲ ಬಾರಿ ಸೇರಿದ ಸಂವಿಧಾನ ರಚನಾ ಸಭೆಯ ಇಂಗ್ಲಿಷ್ ಹೆಸರಲ್ಲೂ ಇದೇ ಪದವಿದೆ.

ಘಟಕ ಎಂಬ ಅರ್ಥದಲ್ಲಿ
ಸಿಮೆಂಟ್, ಮರಳು, ಜಲ್ಲಿ, ನೀರು ಕಾಂಕ್ರೀಟ್‌ನ ಘಟಕಗಳು. ಸೆನ್ಸೆಕ್ಸ್‌ಗೆ 30 ಕಂಪನಿಗಳು ಘಟಕ. ವಿಶ್ವವಿದ್ಯಾಲಯವೇ ನೇರವಾಗಿ ನಡೆಸುವುದು ಘಟಕ ಕಾಲೇಜು. ಬೇರೆ ಆಡಳಿತದಲ್ಲಿದ್ದು ವಿಶ್ವವಿದ್ಯಾಲಯದ ಮಾನ್ಯತೆ ಪಡೆದದ್ದು ಸಂಯೋಜಿತ ಕಾಲೇಜು.

ಮತದಾರ ಎಂಬ ಅರ್ಥದಲ್ಲಿ
ರಾಜ್ಯದಲ್ಲಿ 224 ವಿಧಾನಸಭಾ ಕ್ಷೇತ್ರ, 28 ಲೋಕಸಭಾ ಕ್ಷೇತ್ರಗಳಿವೆ. ಒಂದು ಲೋಕಸಭಾ ಕ್ಷೇತ್ರಕ್ಕೆ 8 ವಿಧಾನಸಭಾ ಕ್ಷೇತ್ರ. ಗೆದ್ದವರಿಗೆ ವೋಟು ಹಾಕಿದವರಷ್ಟೇ ಅವರ ಕಾನ್‌ಸ್ಟಿಟ್ಯುಯೆಂಟ್ ಅಲ್ಲ. ವಿರುದ್ಧ ಹಾಕಿದವರೂ ಹೌದು, ಮತಗಟ್ಟೆಗೇ ಹೋಗದವರೂ ಹೌದು. ‘ನೀವು ನಮಗೆ ವೋಟು ಹಾಕಿಲ್ಲ’ ಅಂತ ಅರ್ಜಿ ವಾಪಸ್ ಕಳಿಸೋ ಹಾಗಿಲ್ಲ.

ಅಂಗಡಿ ಇಲ್ಲಿ, ಮನೆ ಅಲ್ಲಿ ಇದ್ದರೆ?
ಇಲ್ಲೇ ಹಲವರು ಎಡವುವುದು. 1950ರ ಪ್ರಜಾಪ್ರತಿನಿಧಿ ಕಾಯ್ದೆ ಪ್ರಕಾರ, ಸಾಮಾನ್ಯವಾಗಿ ವಾಸ ಇರುವ ಕಡೆ ಮಾತ್ರ ಹೆಸರು ಸೇರಿಸಬೇಕು. ಪೇಟೆಯಲ್ಲಿ ಅಂಗಡಿ ಇದೆ ಎಂಬ ಕಾರಣಕ್ಕೆ ಅಲ್ಲಿ ವೋಟು ಸಿಗದು. ಊರಲ್ಲಿ ಸ್ವಂತ ಮನೆ ಇದೆ ಎಂಬುದೊಂದೇ ಕಾರಣವೂ ಸಾಲದು. ಎರಡು ಕಡೆ ಹೆಸರು ಇರುವಂತಿಲ್ಲ. ಗೊತ್ತಿದ್ದೂ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು.

ತಾಲ್ಲೂಕಿನ ಗಡಿ, ಕ್ಷೇತ್ರದ ಗಡಿ ಒಂದೇ ಇರಬೇಕೆಂದೇನೂ ಇಲ್ಲ. ಪಕ್ಕದ ಹಳ್ಳಿಯವರ ಶಾಸಕರು ಬೇರೆ ಇರಬಹುದು.

ಏನು ಮಾಡಬೇಕು?
ಹೊಸದಾಗಿ ಹೆಸರು ಸೇರಿಸಲು ನಮೂನೆ 6, ಮನೆ ಬದಲಾಯಿಸಿದವರಿಗೆ ಮತ್ತು ತಿದ್ದುಪಡಿಗೆ ನಮೂನೆ 8. ಮಾಹಿತಿಗೆ ಮತದಾರರ ಸಹಾಯವಾಣಿ 1950. ಬೂತ್ ಮಟ್ಟದ ಅಧಿಕಾರಿಯನ್ನೂ ಕೇಳಬಹುದು. ಗುರುತಿನ ಚೀಟಿ ಜೇಬಲ್ಲಿದ್ದರೆ ಸಾಲದು, ಪಟ್ಟಿಯಲ್ಲಿ ಹೆಸರು ಇರಬೇಕು. ಚುನಾವಣೆ ಘೋಷಣೆ ಆಗೋವರೆಗೆ ಕಾಯದೆ ಈಗಲೇ ನೋಡಿಕೊಳ್ಳುವುದು ಒಳ್ಳೆಯದು.